ಮಾಡೆಲ್ ರೈಲಿನ ಗೇಟಿಗೆ, ಸಿಗ್ನಲ್‌ಗೆ ಯಾವ ಸೆನ್ಸರ್? ಬಳ್ಳಾರಿ ಬಿಸಿಲು, ಧೂಳಲ್ಲಿ ಓಡಿಸಿ ನೋಡಿದ ರಿವ್ಯೂ

ಓದಲು ಟೈಮ್ ಇಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಗೇಟಿಗೆ, ಹಳಿಯನ್ನು ಓರೆಯಾಗಿ ದಾಟುವ ಇನ್‌ಫ್ರಾರೆಡ್ ಜೋಡಿ ಹಾಕಿ. ಸಿಗ್ನಲ್‌ಗೆ, ಡಿಜಿಟಲ್ ಕಂಟ್ರೋಲ್ (ಡಿಸಿಸಿ) ಇದ್ದರೆ, ಹಳಿಗೆ ಹೋಗುವ ಕರೆಂಟನ್ನು ಹಿಡಿಯುವ ಕಾಯಿಲ್ ಹಾಕಿ. ಡಬ್ಬಿಯಲ್ಲಿ ಒಂದಷ್ಟು ರೀಡ್ ಸ್ವಿಚ್ ಇರಲಿ. ಇನ್ನು ಎಲ್ಲರೂ ಮೊದಲು ಕೊಳ್ಳುವ, ಹಳಿಯ ಕೆಳಗಿನಿಂದ ಮೇಲಕ್ಕೆ ನೋಡುವ ಆ ಅಗ್ಗದ ಚಿಕ್ಕ ಬೋರ್ಡ್ ಇದೆಯಲ್ಲ, ಅದು ಬಿಸಿಲು ಬೀಳದ ಜಾಗಕ್ಕೆ ಮಾತ್ರ. ಯಾಕೆ ಅಂತ ಮುಂದೆ ಬರೆದಿದ್ದೇನೆ, ಸ್ವಲ್ಪ ಉದ್ದವಾಗಿದೆ.

ನನ್ನ ಲೇಔಟ್, ಅಂದರೆ ಹಲಗೆ ಮೇಲೆ ಕಟ್ಟಿದ ಮಾಡೆಲ್ ರೈಲು ಹಳಿ, ಎಚ್‌ಒ ಸ್ಕೇಲ್. ಅಂದರೆ 1:87, ಹಳಿಯ ಅಗಲ 16.5 ಮಿ.ಮೀ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ, ಹಾಗಾಗಿ ಲೆಕ್ಕಕ್ಕೆ ಇದು ಸರಿಯಾದ ಬ್ರಾಡ್‌ಗೇಜ್ ಅಲ್ಲ, ಆದರೆ ರೆಡಿಮೇಡ್ ಹಳಿ ಸಿಗುವುದು ಇದೇ ಅಳತೆಯಲ್ಲಿ, ಏನು ಮಾಡುವುದು. ಮಹಡಿ ಮೇಲಿನ ರೂಮು, ಪಶ್ಚಿಮಕ್ಕೆ ಕಿಟಕಿ. ಪ್ಲೈವುಡ್ ಮೇಲೆ ಒಂದು ಸುತ್ತು ಮೇನ್ ಲೈನ್, ಒಂದು ಲೂಪ್, ಅದಿರು ತುಂಬುವ ಒಂದು ಸೈಡಿಂಗ್, ಒಂದು ಲೆವೆಲ್ ಕ್ರಾಸಿಂಗ್. ತೋರಣಗಲ್ಲು ಕಡೆ ಹೋಗುವ ಅದಿರು ರೇಕ್ ನೋಡಿಕೊಂಡೇ ಬೆಳೆದವರು ನಾವು, ಹಾಗಾಗಿ ಪ್ಯಾಸೆಂಜರ್ ಬೋಗಿಗಿಂತ ಅದಿರು ತುಂಬುವ, ಮೇಲೆ ತೆರೆದ ಬಾಕ್ಸ್‌ಎನ್ ವ್ಯಾಗನ್ನೇ ಜಾಸ್ತಿ. ಅವುಗಳ ಮೇಲೆ ಸಂಡೂರು ಕಡೆಯ ನಿಜವಾದ ಅದಿರು ಪುಡಿಯನ್ನೇ ಹಾಕಿದ್ದೇನೆ. ನೋಡಲು ಬಹಳ ಚೆನ್ನ. ಸೆನ್ಸರ್‌ಗಳಿಗೆ ಮಾತ್ರ ಅದರಿಂದ ತೊಂದರೆ, ಅದಕ್ಕೆ ಬರುತ್ತೇನೆ.

ಸೆನ್ಸರ್ ಕೊಳ್ಳುವ ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನಾವು ಹಳಿಗೆ ಕೇಳುವ ಪ್ರಶ್ನೆ ಎರಡು ಬಗೆಯದು. "ರೈಲು ಈ ಜಾಗಕ್ಕೆ ಬಂತಾ?" ಅನ್ನುವುದು ಒಂದು. "ಇಲ್ಲಿಂದ ಅಲ್ಲಿವರೆಗಿನ ಹಳಿಯ ಮೇಲೆ ಏನಾದರೂ ನಿಂತಿದೆಯಾ?" ಅನ್ನುವುದು ಇನ್ನೊಂದು. ಗೇಟಿಗೆ ಮೊದಲನೆಯದು ಸಾಕು. ಸಿಗ್ನಲ್‌ಗೆ ಎರಡನೆಯದು ಬೇಕೇ ಬೇಕು. ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲಿನ ಮಾತು. ಒಂದು ಜಾಗ ನೋಡುವ ಸೆನ್ಸರ್ ತಂದು ಸಿಗ್ನಲ್‌ಗೆ ಕಟ್ಟಿದರೆ, ರೈಲು ಸೆನ್ಸರ್ ದಾಟಿ ಮುಂದೆ ನಿಂತ ತಕ್ಷಣ ಸಿಗ್ನಲ್ ಹಸಿರಾಗುತ್ತದೆ. ಹಿಂದಿನ ರೈಲು ಬಂದು ಗುದ್ದುತ್ತದೆ. ಸೆನ್ಸರ್ ಕೆಟ್ಟಿದೆ ಅಂತ ಬೈಯುತ್ತಾರೆ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ.

ಈಗ ಒಂದೊಂದಾಗಿ.

ಟಿಸಿಆರ್‌ಟಿ 5000, ಮೊದಲು ಹೇಳಿದ ಆ ಅಗ್ಗದ ಚಿಕ್ಕ ಬೋರ್ಡ್. ಒಂದೇ ಪ್ಲಾಸ್ಟಿಕ್ ಗೂಡಿನಲ್ಲಿ ಎರಡು ಕಣ್ಣು. ಒಂದು ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ, ಇನ್ನೊಂದು ವಾಪಸ್ ಬಂದಿದ್ದನ್ನು ಹಿಡಿಯುತ್ತದೆ. ಬೋರ್ಡ್ ಮೇಲೆ ಎರಡು ವೋಲ್ಟೇಜ್ ಹೋಲಿಸಿ ನೋಡುವ ಎಲ್‌ಎಂ 393 ಐಸಿ, ಸೂಕ್ಷ್ಮತೆ ಹೊಂದಿಸಲು ತಿರುಗಿಸುವ ಒಂದು ಚಿಕ್ಕ ಪ್ರಿಸೆಟ್. ಸ್ಲೀಪರ್‌ಗಳ ನಡುವೆ ರಂಧ್ರ ಕೊರೆದು ಕೆಳಗಿನಿಂದ ಕೂರಿಸಿದರೆ ಮೇಲಿನವರಿಗೆ ಕಾಣುವುದೂ ಇಲ್ಲ. ಬೆಲೆಯೂ ಒಂದು ಪ್ಲೇಟ್ ಮಿರ್ಚಿ, ಮಂಡಕ್ಕಿ ಒಗ್ಗರಣೆಯಷ್ಟೇ. ಇಷ್ಟೆಲ್ಲ ಒಳ್ಳೆಯದಿದ್ದರೂ ಇದರ ನಿಜವಾದ ದೂರ ಬಹಳ ಕಡಿಮೆ: ಕಂಪನಿಯವರೇ ಕೊಟ್ಟ ಲೆಕ್ಕದಲ್ಲಿ ಚೆನ್ನಾಗಿ ಕಾಣುವುದು 2.5 ಮಿ.ಮೀ. ಹತ್ತಿರ, ಹೆಚ್ಚೆಂದರೆ 15 ಮಿ.ಮೀ. ಅದೂ ಮೇಲೆ ಇರುವ ವಸ್ತು ಬೆಳಕನ್ನು ವಾಪಸ್ ಕಳಿಸಿದರೆ. ನಮ್ಮ ವ್ಯಾಗನ್‌ಗಳ ಹೊಟ್ಟೆ ಕಪ್ಪು. ಕಪ್ಪು ಪ್ಲಾಸ್ಟಿಕ್ ಇನ್‌ಫ್ರಾರೆಡ್‌ನ ಬಹುಪಾಲು ನುಂಗಿಬಿಡುತ್ತದೆ. ಇಂಜಿನ್ ಕಾಣುತ್ತದೆ, ಮೊದಲ ವ್ಯಾಗನ್ ಕಾಣುತ್ತದೆ, ಮೂರನೆಯದು ಮಾಯ. ವ್ಯಾಗನ್ ಕೆಳಗೆ ಬಿಳಿ ಕಾಗದದ ಸ್ಟಿಕ್ಕರ್ ಅಂಟಿಸಿದರೆ ಸರಿಹೋಗುತ್ತದೆ, ಆದರೆ ಎಲ್ಲ ವ್ಯಾಗನ್ ಮಗುಚಿ ಸ್ಟಿಕ್ಕರ್ ಅಂಟಿಸುವ ತಾಳ್ಮೆ ಬೇಕಲ್ವಾ.

ಬಿಸಿಲಿನ ಕಥೆ ಬೇರೆಯೇ. ಸೂರ್ಯನ ಬೆಳಕಿನಲ್ಲಿ ಇನ್‌ಫ್ರಾರೆಡ್ ಬೇಕಾದಷ್ಟಿದೆ. ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಲೇಔಟ್ ಮೇಲೆ ಬೀಳುತ್ತದೆ. ಮೇ ತಿಂಗಳ ಬಳ್ಳಾರಿ ಬಿಸಿಲು ಗೊತ್ತೇ ಇದೆ. ಆ ಹೊತ್ತಿಗೆ ಸೆನ್ಸರ್‌ನ ಎರಡನೇ ಕಣ್ಣು ತುಂಬಿ ಹೋಗಿ, "ರೈಲು ಇದೆ, ರೈಲು ಇದೆ" ಅಂತ ಒಂದೇ ಸಮ ಹೇಳುತ್ತಿರುತ್ತದೆ. ಗೇಟು ಮುಚ್ಚಿದ್ದು ಮುಚ್ಚಿದಂತೆ. ಪ್ರಿಸೆಟ್ ತಿರುಗಿಸಿ ಮಧ್ಯಾಹ್ನಕ್ಕೆ ಸರಿಮಾಡಿದರೆ ರಾತ್ರಿ ಟ್ಯೂಬ್‌ಲೈಟ್ ಕೆಳಗೆ ಇಂಜಿನ್ನೇ ಕಾಣುವುದಿಲ್ಲ. ಇದರ ಜೊತೆ ಧೂಳು. ವ್ಯಾಗನ್‌ನಿಂದ ಉದುರಿದ ಅದಿರು ಪುಡಿ ನೇರವಾಗಿ ಆ ರಂಧ್ರದೊಳಗೇ ಬೀಳುತ್ತದೆ. ಟಾರ್ಚ್ ಹಾಕಿ ನೋಡಿದರೆ ಎರಡೂ ಕಣ್ಣಿನ ಮೇಲೆ ತೆಳ್ಳಗೆ ಕೆಂಪು ಪದರ, ಇಯರ್‌ಬಡ್ ಒತ್ತಿ ತಿರುಗಿಸಿದರೆ ಹತ್ತಿ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಅದಿರು ಹಾಕದಿದ್ದರೂ ನಮ್ಮ ಊರಲ್ಲಿ ಕಿಟಕಿ ತೆರೆದಿಟ್ಟರೆ ಇದೇ ಗತಿ.

ಸುರಂಗದೊಳಗೆ, ಗುಡ್ಡದ ಕೆಳಗಿನ ಮರೆ ಹಳಿಗೆ ಈ ಬೋರ್ಡ್ ಈಗಲೂ ನನ್ನ ಮೆಚ್ಚಿನದು. ಬೆಳಕಿಲ್ಲ, ಅದಿರು ಉದುರುವುದು ಕಡಿಮೆ, ರೈಲು ಎಲ್ಲಿ ಬಂತು ಅಂತ ಗೊತ್ತಾದರೆ ಸಾಕು. ಅಲ್ಲಿಗೆ ಐದಕ್ಕೆ ನಾಲ್ಕು ಸ್ಟಾರ್. ಬಯಲಲ್ಲಿ ಒಂದೂವರೆ.

ಎಫ್‌ಸಿ 51 ಅಂತ ಇನ್ನೊಂದು ಬರುತ್ತದೆ, ರೋಬೋಟ್ ಕಾರಿಗೆ ಹಾಕುವ ಎರಡು ಕೊಂಬಿನದು. ದೂರ ಜಾಸ್ತಿ ನೋಡುತ್ತದೆ, ಅದೇ ಸಮಸ್ಯೆ. ಹಳಿಯ ಪಕ್ಕ ನಿಲ್ಲಿಸಿದರೆ ರೈಲಿನ ಜೊತೆ ನನ್ನ ಕೈಯನ್ನೂ, ಆಚೆಯ ಗೋಡೆಯನ್ನೂ ನೋಡುತ್ತದೆ. ಆನ್‌ಲೈನ್‌ನಲ್ಲಿ ಒಂದು ಕಡೆ ಟಿಸಿಆರ್‌ಟಿ ಆರ್ಡರ್ ಮಾಡಿದರೆ ಇದನ್ನು ಕಳಿಸಿದರು, ಅದರಲ್ಲೂ ಎರಡರ ಪ್ರಿಸೆಟ್ ಬೆಸುಗೆ ಬಿಟ್ಟಿತ್ತು. ವಾಪಸ್ ತಗೊಳ್ಳಲು ವಿಡಿಯೋ ಕಳಿಸಿ ಅಂದರು, ಕಳಿಸಿದ ಮೇಲೆ ಮಾತೇ ಇಲ್ಲ. ಡಬ್ಬಿ ಒಡೆಯುವಾಗಲೇ ವಿಡಿಯೋ ಮಾಡಿಟ್ಟುಕೊಳ್ಳಿ ಅಂತಷ್ಟೇ ಹೇಳುತ್ತೇನೆ.

ಗೇಟಿಗೆ ನಾನು ಕೊನೆಗೆ ಇಟ್ಟುಕೊಂಡಿದ್ದು ಅಡ್ಡ ಕಿರಣ. ಹಳಿಯ ಈ ಕಡೆ ಇನ್‌ಫ್ರಾರೆಡ್ ಎಲ್‌ಇಡಿ, ಆ ಕಡೆ ರಿಸೀವರ್. ರೈಲು ಬಂದರೆ ಕಿರಣ ಕಡಿಯುತ್ತದೆ. ವ್ಯಾಗನ್ ಕಪ್ಪೋ ಬಿಳುಪೋ ಲೆಕ್ಕಕ್ಕಿಲ್ಲ. ಒಂದು ಗುಟ್ಟು: ನೇರ ಅಡ್ಡ ಹಾಕಬೇಡಿ, ಓರೆಯಾಗಿ ಹಾಕಿ. ನೇರ ಹಾಕಿದರೆ ಎರಡು ವ್ಯಾಗನ್ ನಡುವಿನ ಸಂದಿಯಲ್ಲಿ ಕಿರಣ ತೂರಿ ಹೋಗಿ, ರೈಲು ಹೋಯಿತು, ಬಂತು, ಹೋಯಿತು, ಬಂತು ಅಂತ ಗೇಟು ಕುಣಿಯುತ್ತದೆ. ಸುಮಾರು 45 ಡಿಗ್ರಿ ಓರೆ ಇದ್ದರೆ ಯಾವಾಗಲೂ ಯಾವುದಾದರೂ ಒಂದು ವ್ಯಾಗನ್ನಿನ ಮೂಲೆ ಅಡ್ಡ ಇರುತ್ತದೆ. ಎಲ್‌ಇಡಿಯನ್ನು ಗೇಟ್‌ಮನ್ ಗುಮಟಿಯೊಳಗೆ, ರಿಸೀವರ್ ಅನ್ನು ಆಚೆಯ ಪೊದೆಯೊಳಗೆ ಬಚ್ಚಿಟ್ಟಿದ್ದೇನೆ.

ಇದಕ್ಕೂ ಬಿಸಿಲಿನ ಕಾಟ ಇದೆ, ಆದರೆ ಉಲ್ಟಾ. ಬಿಸಿಲು ರಿಸೀವರ್ ಮೇಲೆ ಬಿದ್ದರೆ ಕಿರಣ ಕಡಿದಿಲ್ಲ ಅಂದುಕೊಳ್ಳುತ್ತದೆ, ಅಂದರೆ ರೈಲು ಬಂದರೂ ಗೇಟು ಮುಚ್ಚುವುದಿಲ್ಲ. ಕೆಳಗಿನಿಂದ ನೋಡುವ ಬೋರ್ಡ್ ಸುಳ್ಳು ಹೇಳಿದರೆ ಗೇಟು ಸುಮ್ನೆ ಮುಚ್ಚಿರುತ್ತದೆ, ಇದು ಸುಳ್ಳು ಹೇಳಿದರೆ ಲಾರಿ ಹಳಿ ಮೇಲೆ. ಪರಿಹಾರ ಇದೆ. ಎಲ್‌ಇಡಿಯನ್ನು 38 ಕಿಲೋಹರ್ಟ್ಸ್‌ನಲ್ಲಿ ಮಿನುಗಿಸಿ, ಆ ಮಿನುಗನ್ನು ಮಾತ್ರ ಹಿಡಿಯುವ ರಿಸೀವರ್ ಹಾಕುವುದು. ಬಿಸಿಲು ಮಿನುಗುವುದಿಲ್ಲವಲ್ಲ, ಹಾಗಾಗಿ ಅದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ರಿಸೀವರ್‌ಗೆ ಕಪ್ಪು ಸ್ಟ್ರಾ ತುಂಡೊಂದನ್ನು ಮೂತಿಗೆ ಹಾಕಿದರೆ ಇನ್ನೂ ಒಳ್ಳೆಯದು.

ಇಲ್ಲಿ ಅಂಗಡಿಯಲ್ಲಿ ಎಚ್ಚರ ಬೇಕು. ಟಿವಿ ರಿಪೇರಿ ಸಾಮಾನು ಮಾರುವ ಅಂಗಡಿಗೆ ಹೋಗಿ ಕೇಳಿದೆ, "ಅಣ್ಣಾ, ರಿಮೋಟ್‌ದು ಬೇಡ, ಲೈಟ್ ಬ್ಯಾರಿಯರ್‌ದು ಬೇಕು." ಅವರು ಡಬ್ಬಿ ತಡಕಿ ಒಂದು ಕೊಟ್ಟು, "ಎಲ್ಲ ಒಂದೇ ಸಾರ್, 38 ಅಂದ್ರೆ 38, ತಗೊಂಡ್ ಹೋಗಿ ಹಾಕ್ರಿ" ಅಂದರು. ಒಂದೇ ಅಲ್ಲ. ಟಿವಿ ರಿಮೋಟ್‌ಗೆ ಮಾಡಿದ ಟಿಎಸ್‌ಒಪಿ 1738 ಥರದ್ದು ಬಿಟ್ಟು ಬಿಟ್ಟು ಬರುವ ಸಿಗ್ನಲ್‌ಗೆ ಅಂತಲೇ ಇರುವುದು. ಒಂದೇ ಸಮ 38 ಕಿಲೋಹರ್ಟ್ಸ್ ಬಂದರೆ ಅದು ಗದ್ದಲ ಅಂದುಕೊಂಡು ತನ್ನ ಸೂಕ್ಷ್ಮತೆಯನ್ನು ತಾನೇ ಇಳಿಸಿಕೊಳ್ಳುತ್ತದೆ. ಲೈಟ್ ಬ್ಯಾರಿಯರ್‌ಗೆ ಅಂತಲೇ ವಿಶೇ ಕಂಪನಿಯ ಟಿಎಸ್‌ಎಸ್‌ಪಿ 4038 ಬರುತ್ತದೆ, ಅದು ಕಿರಣ ಇರುವಷ್ಟು ಹೊತ್ತೂ ಇದೆ ಅನ್ನುತ್ತದೆ. ಅದು ಸಿಗದಿದ್ದರೆ ಆರ್ಡುಯಿನೋ ಅನ್ನುವ, ಕೋಡ್ ಬರೆದು ನಡೆಸುವ ಚಿಕ್ಕ ಬೋರ್ಡ್‌ನಿಂದ ಎಲ್‌ಇಡಿಯನ್ನು ತುಂಡು ತುಂಡಾಗಿ ಮಿನುಗಿಸಿ ರಿಮೋಟ್ ರಿಸೀವರ್‌ನಲ್ಲೇ ಕೆಲಸ ಮುಗಿಸಬಹುದು, ಕೋಡ್ ಸ್ವಲ್ಪ ಜಾಸ್ತಿ ಬರೆಯಬೇಕು ಅಷ್ಟೇ.

ರೀಡ್ ಸ್ವಿಚ್ ಬಗ್ಗೆ ಯಾರೂ ಒಳ್ಳೆ ಮಾತು ಬರೆಯುವುದಿಲ್ಲ, ನಾನು ಬರೆಯುತ್ತೇನೆ. ಗಾಜಿನ ಚಿಕ್ಕ ಕೊಳವೆ, ಒಳಗೆ ಎರಡು ತಗಡಿನ ನಾಲಿಗೆ, ಮ್ಯಾಗ್ನೆಟ್ ಹತ್ತಿರ ಬಂದರೆ ಎರಡೂ ಅಂಟಿಕೊಳ್ಳುತ್ತವೆ. 1936ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಾಮಾನು. ಬಿಸಿಲು, ಧೂಳು, ಕತ್ತಲೆ ಯಾವುದೂ ಇದಕ್ಕೆ ತಾಗುವುದಿಲ್ಲ. ಕರೆಂಟೂ ತಿನ್ನುವುದಿಲ್ಲ. ಇಂಜಿನ್ ಹೊಟ್ಟೆಗೆ ಒಂದು ಬಟನ್ ಮ್ಯಾಗ್ನೆಟ್ ಅಂಟಿಸಿದರೆ ಮುಗಿಯಿತು. ತೊಂದರೆ ಏನೆಂದರೆ ಅದು ಕಾಣುವುದು ಮ್ಯಾಗ್ನೆಟ್ ಇರುವ ಇಂಜಿನ್ ಮಾತ್ರ, ಹಿಂದಿನ ರೇಕ್ ಅಲ್ಲ. ಕೊನೆಯ ವ್ಯಾಗನ್‌ಗೂ ಒಂದು ಮ್ಯಾಗ್ನೆಟ್ ಹಾಕಿದರೆ ಬಂದಿದ್ದು, ಹೋಗಿದ್ದು ಎರಡೂ ತಿಳಿಯುತ್ತದೆ. ಹಳಿಯ ಉದ್ದಕ್ಕೆ ಮಲಗಿಸಿದರೆ ಒಂದೇ ಮ್ಯಾಗ್ನೆಟ್ ಎರಡು ಸಲ ಮುಚ್ಚಿಸಬಹುದು, ಹಾಗಾಗಿ ಕೋಡ್‌ನಲ್ಲಿ ಮೊದಲ ಸಲ ಆದ ಮೇಲೆ ಅರ್ಧ ಸೆಕೆಂಡ್ ಕಿವಿ ಮುಚ್ಚಿಕೊಳ್ಳಬೇಕು. ಕಾಲು ಬಗ್ಗಿಸುವಾಗ ಗಾಜಿನ ಬುಡದಲ್ಲಿ ಬಗ್ಗಿಸಬೇಡಿ, ಚಿಟ್ ಅಂತ ಒಡೆಯುತ್ತದೆ. ಇಕ್ಕಳದಲ್ಲಿ ಹಿಡಿದು, ಇಕ್ಕಳದ ಆಚೆಗೆ ಬಗ್ಗಿಸಿ. ಮತ್ತೆ ಆ ಮ್ಯಾಗ್ನೆಟ್ ಬೋರ್ಡ್ ಮೇಲೆ ಬಿದ್ದಿರುವ ಹಳಿಯ ಮೊಳೆಗಳನ್ನೆಲ್ಲ ಎತ್ತಿಕೊಂಡು ಹೋಗುತ್ತದೆ, ಹಳಿ ಕವಲೊಡೆಯುವ ಪಾಯಿಂಟ್‌ನಲ್ಲಿ ಸಿಕ್ಕಿಕೊಂಡರೆ ಇಂಜಿನ್ ಹಳಿ ತಪ್ಪುತ್ತದೆ.

ಹಾಲ್ ಸೆನ್ಸರ್, ಅಂದರೆ ಎ 3144, ಇದೇ ಕೆಲಸವನ್ನು ಗಾಜಿಲ್ಲದೆ ಮಾಡುತ್ತದೆ. ಆದರೆ ಮ್ಯಾಗ್ನೆಟ್‌ನ ಒಂದೇ ಮುಖಕ್ಕೆ ಓಗೊಡುತ್ತದೆ. ತಲೆಕೆಳಗಾಗಿ ಅಂಟಿಸಿದರೆ ಸತ್ತಂತೆ ಕೂತಿರುತ್ತದೆ. ಔಟ್‌ಪುಟ್‌ನಿಂದ ಪ್ಲಸ್‌ಗೆ ಹಾಕುವ ಪುಲ್‌ಅಪ್ ರೆಸಿಸ್ಟರ್ ಮರೆಯಬೇಡಿ. ಬೆಳಕು ಬಿದ್ದಂತೆ ರೆಸಿಸ್ಟೆನ್ಸ್ ಬದಲಾಗುವ ಎಲ್‌ಡಿಆರ್ ಬಗ್ಗೆ ಒಂದೇ ಸಾಲು: ಕರೆಂಟ್ ಹೋಗಿ ಇನ್ವರ್ಟರ್ ಬಲ್ಬಿಗೆ ಬಂದ ಕ್ಷಣದಲ್ಲಿ ಎಲ್ಲ ಗೇಟೂ ಒಟ್ಟಿಗೆ ಬೀಳುತ್ತವೆ, ನಮ್ಮ ಊರಿಗೆ ಬೇಡ.

ಈಗ ಸಿಗ್ನಲ್. ನಿಜವಾದ ರೈಲ್ವೆಯಲ್ಲಿ ಇದರ ಬುಡ ಟ್ರ್ಯಾಕ್ ಸರ್ಕ್ಯೂಟ್. ಅಮೆರಿಕದ ವಿಲಿಯಂ ರಾಬಿನ್ಸನ್ 1872ರಲ್ಲಿ ಪೇಟೆಂಟ್ ಪಡೆದಿದ್ದು. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ, ಅಂದರೆ ಕರೆಂಟ್ ಇರುವಷ್ಟು ಹೊತ್ತು ಎದ್ದಿರುವ ಸ್ವಿಚ್. ರೈಲಿನ ಚಕ್ರ ಎರಡೂ ಹಳಿಯನ್ನು ಶಾರ್ಟ್ ಮಾಡಿದರೆ ರಿಲೇ ಬಿದ್ದು ಸಿಗ್ನಲ್ ಕೆಂಪಾಗುತ್ತದೆ. ವೈರ್ ಕಡಿದರೂ ರಿಲೇ ಬೀಳುತ್ತದೆ, ಆಗಲೂ ಕೆಂಪು. ಬಹಳ ಬುದ್ಧಿವಂತಿಕೆಯ ಕೆಲಸ ಅದು. ನಮ್ಮ ಮಾಡೆಲ್‌ನಲ್ಲಿ ಹಳಿಯಲ್ಲೇ ಇಂಜಿನ್‌ನ ಕರೆಂಟ್ ಹರಿಯುವುದರಿಂದ ಚಕ್ರದಿಂದ ಶಾರ್ಟ್ ಮಾಡುವ ಹಾಗಿಲ್ಲ. ಅದಕ್ಕೆ ಉಲ್ಟಾ ಮಾಡುತ್ತೇವೆ. ಹಳಿಯನ್ನು ಪ್ಲಾಸ್ಟಿಕ್ ಜಾಯಿನರ್ ಹಾಕಿ ಬ್ಲಾಕ್ ಬ್ಲಾಕ್ ಆಗಿ ತುಂಡರಿಸಿ, ಆ ತುಂಡಿಗೆ ಕರೆಂಟ್ ಹರಿದರೆ ಒಳಗೆ ಏನೋ ಇದೆ ಅಂತ ತಿಳಿದುಕೊಳ್ಳುವುದು. ಇದರಲ್ಲಿ ಒಂದು ಅಪಾಯ ಉಳಿಯುತ್ತದೆ. ವೈರ್ ಕಡಿದರೆ ಬ್ಲಾಕ್ ಖಾಲಿ ಅಂತ ಹಸಿರು ತೋರಿಸುತ್ತದೆ. ಬೆಸುಗೆ ಗಟ್ಟಿ ಇರಲಿ.

ಮಾಮೂಲಿ ಡಿಸಿ ಕಂಟ್ರೋಲರ್ ಇದ್ದವರಿಗೆ ಡಯೋಡ್ ಮತ್ತು ಪಿಸಿ 817 ಆಪ್ಟೋಕಪ್ಲರ್ (ವೈರ್ ಸಂಬಂಧ ಇಲ್ಲದೆ ಬೆಳಕಿನಿಂದ ಸುದ್ದಿ ದಾಟಿಸುವ ಐಸಿ) ಬೋರ್ಡ್. ಹಳಿಗೆ ಹೋಗುವ ವೈರಿನಲ್ಲಿ ಎರಡು ಡಯೋಡ್ ಸಾಲಾಗಿ ಕೂರುತ್ತವೆ, ಅವುಗಳ ಮೇಲೆ ಬೀಳುವ ಸುಮಾರು 1.4 ವೋಲ್ಟ್‌ನಿಂದ ಆಪ್ಟೋ ಒಳಗಿನ ಎಲ್‌ಇಡಿ ಹೊತ್ತಿಕೊಳ್ಳುತ್ತದೆ. ಉಲ್ಟಾ ದಿಕ್ಕಿಗೂ ಹಾಗೆಯೇ ಒಂದು ಜೋಡಿ ಬೇಕು. ಪೈಸೆ ಲೆಕ್ಕದ ಸಾಮಾನು, ಕೆಲಸ ಪಕ್ಕಾ. ಆದರೆ ಇದರ ಒಂದು ದೋಷ ಯಾರೂ ಮೊದಲು ಹೇಳುವುದಿಲ್ಲ. ಡಿಸಿಯಲ್ಲಿ ಕಂಟ್ರೋಲರ್ ಸೊನ್ನೆಗೆ ತಂದರೆ ಹಳಿಯಲ್ಲಿ ವೋಲ್ಟೇಜೇ ಇಲ್ಲ. ನಿಂತ ರೈಲು ಕಾಣುವುದೇ ಇಲ್ಲ! ಸಿಗ್ನಲ್ ಬೇಕಾಗಿರುವುದೇ ನಿಂತ ರೈಲಿಗೆ, ಅಲ್ವಾ? ಹಾಗಾಗಿ ಪಕ್ಕದಿಂದ ಒಂದು ಚಿಕ್ಕ ವೋಲ್ಟೇಜನ್ನು ರೆಸಿಸ್ಟರ್ ಮೂಲಕ ಸದಾ ಹಳಿಗೆ ಕೊಡುವ, ಅಷ್ಟು ಸಣ್ಣ ಕರೆಂಟನ್ನೂ ಹಿಡಿಯುವ ಬೋರ್ಡ್ ಬೇಕು. ಅದಿಲ್ಲದ ಬೋರ್ಡ್ ಕೊಳ್ಳಬೇಡಿ.

ಡಿಸಿಸಿಯಲ್ಲಿ, ಅಂದರೆ ಹಳಿಯ ಮೂಲಕವೇ ಪ್ರತಿ ಇಂಜಿನ್‌ಗೆ ಡಿಜಿಟಲ್ ಆದೇಶ ಕಳಿಸುವ ಪದ್ಧತಿಯಲ್ಲಿ, ಈ ತಲೆನೋವಿಲ್ಲ. ಹಳಿಯಲ್ಲಿ ಸದಾ ವೋಲ್ಟೇಜ್ ಇರುತ್ತದೆ, ಇಂಜಿನ್ ನಿಂತಿದ್ದರೂ ಅದರೊಳಗೆ ಆ ಆದೇಶ ಓದುವ ಡಿಕೋಡರ್, ಹೆಡ್‌ಲೈಟ್ ಸ್ವಲ್ಪ ಎಳೆಯುತ್ತಿರುತ್ತವೆ. ಆ ಸಿಗ್ನಲ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವುದರಿಂದ ಟ್ರಾನ್ಸ್‌ಫಾರ್ಮರ್ ಕಾಯಿಲ್‌ನಿಂದ ಹಿಡಿಯಬಹುದು. ಕಾಯಿಲ್‌ನ ತೂತಿನಲ್ಲಿ ಬ್ಲಾಕಿನ ವೈರ್ ತೂರಿಸಿದರೆ ಸಾಕು, ಹಳಿಗೂ ಆರ್ಡುಯಿನೋಗೂ ಸಂಬಂಧವೇ ಇಲ್ಲ, ವೋಲ್ಟೇಜೂ ಇಳಿಯುವುದಿಲ್ಲ. ಅಗ್ಗಕ್ಕೆ ಸಿಗುವುದು ಝಡ್‌ಎಂಸಿಟಿ 103ಸಿ, ಇದು ಸಾವಿರಕ್ಕೆ ಒಂದು ಲೆಕ್ಕ: ಹಳಿಯಲ್ಲಿ 10 ಮಿಲಿಆಂಪ್ ಹರಿದರೆ ಈ ಕಡೆ 10 ಮೈಕ್ರೋಆಂಪ್. ವೈರನ್ನು ಐದು ಸುತ್ತು ಹಾಕಿದರೆ ಐದು ಪಟ್ಟು ಸಿಗುತ್ತದೆ. ಹಾಗೂ ಸಣ್ಣದೇ, ಆಂಪ್ಲಿಫೈಯರ್ ಇರುವ ಬೋರ್ಡನ್ನೇ ತಗೊಳ್ಳಿ. ದುಡ್ಡು ಹೋದರೂ ಪರವಾಗಿಲ್ಲ ಅನ್ನುವವರು ಎನ್‌ಸಿಇ ಕಂಪನಿಯ ಬಿಡಿ 20 ತರಿಸಿಕೊಳ್ಳಬಹುದು, ಅದೂ ಇದೇ ತೂತಿನ ಕಾಯಿಲ್. ಗೆಳೆಯರೊಬ್ಬರ ಲೇಔಟ್‌ನಲ್ಲಿ ನೋಡಿದೆ, ಒಂದು ಸುಳ್ಳೂ ಹೇಳಲಿಲ್ಲ.

ಎಸಿಎಸ್ 712 ಕೊಳ್ಳಬೇಡಿ. ಕರೆಂಟ್ ಸೆನ್ಸರ್ ಅಂತ ಹುಡುಕಿದರೆ ಮೊದಲು ಬರುವುದೇ ಅದು. ಐದು ಆಂಪಿನ ಬೋರ್ಡ್ ಒಂದು ಆಂಪಿಗೆ 185 ಮಿಲಿವೋಲ್ಟ್ ಕೊಡುತ್ತದೆ, ಅಂದರೆ 10 ಮಿಲಿಆಂಪಿಗೆ ಎರಡು ಮಿಲಿವೋಲ್ಟೂ ಇಲ್ಲ. ಆರ್ಡುಯಿನೋ ನ್ಯಾನೋದ ಒಂದು ಮೆಟ್ಟಿಲೇ ಸುಮಾರು 4.9 ಮಿಲಿವೋಲ್ಟ್. ನಿಂತ ಇಂಜಿನ್ ಕಾಣುವ ಮಾತೇ ಇಲ್ಲ. ಬೋರ್‌ವೆಲ್ ಮೋಟರ್ ನೋಡಲು ಸರಿ.

ಕರೆಂಟ್ ವಿಧಾನದಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಇಂಜಿನ್ ಕರೆಂಟ್ ಎಳೆಯುತ್ತದೆ, ವ್ಯಾಗನ್ ಎಳೆಯುವುದಿಲ್ಲ. ಕಪ್ಲಿಂಗ್ ಬಿಟ್ಟು ನಾಲ್ಕು ವ್ಯಾಗನ್ ಬ್ಲಾಕಿನಲ್ಲಿ ಉಳಿದರೆ ಸಿಗ್ನಲ್‌ಗೆ ಗೊತ್ತೇ ಆಗುವುದಿಲ್ಲ. ನಿಜವಾದ ರೈಲಿನಲ್ಲಿ ಕೊನೆಯ ಬೋಗಿಗೆ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡ್ ಹಾಕುವುದು, ಸ್ಟೇಷನ್‌ನವರು ಅದನ್ನು ನೋಡಿ ರೈಲು ಪೂರ್ತಿ ಬಂತು ಅಂತ ಖಾತ್ರಿ ಮಾಡಿಕೊಳ್ಳುವುದು ಇದಕ್ಕೇ. ನಮಗೆ ಎಲ್‌ವಿ ಬೋರ್ಡ್ ಬದಲು 10 ಕಿಲೋಓಮ್ ರೆಸಿಸ್ಟರ್. ಅಕ್ಕಿ ಕಾಳಿಗಿಂತ ಚಿಕ್ಕದಾದ ಎಸ್‌ಎಂಡಿ ರೆಸಿಸ್ಟರನ್ನು ಲೋಹದ ಚಕ್ರದ ಆಕ್ಸಲ್ ಮೇಲೆ, ಪ್ಲಾಸ್ಟಿಕ್ ಬುಷ್ ಇರುವ ಕಡೆ ಅಂಟಿಸಿ, ಎರಡೂ ಬದಿಗೆ ಕರೆಂಟ್ ಹರಿಯುವ ಕಂಡಕ್ಟಿವ್ ಪೇಂಟ್ ಹಚ್ಚಬೇಕು. ಒಂದು ತುದಿ ಚಕ್ರಕ್ಕೆ, ಇನ್ನೊಂದು ಆಕ್ಸಲ್‌ಗೆ. 14 ವೋಲ್ಟ್‌ಗೆ 1.4 ಮಿಲಿಆಂಪ್ ಎಳೆಯುತ್ತದೆ, ಬಿಸಿಯಾಗುವುದಿಲ್ಲ. ಪೇಂಟ್ ಒಣಗಿದ ಮೇಲೆ ಮಲ್ಟಿಮೀಟರ್‌ನಲ್ಲಿ ಎರಡು ಚಕ್ರದ ನಡುವೆ ಹತ್ತು ಸಾವಿರ ತೋರಿಸಬೇಕು. ಅನಂತ ತೋರಿಸಿದರೆ ಪೇಂಟ್ ಬಿರುಕು ಬಿಟ್ಟಿದೆ, ಸೊನ್ನೆ ತೋರಿಸಿದರೆ ಬುಷ್ ಮೇಲೆ ಹರಿದಿದೆ. ಕಣ್ಣು, ಕೈ ಎರಡೂ ನೋಯುವ ಕೆಲಸ. ಎಲ್ಲ ವ್ಯಾಗನ್‌ಗೂ ಬೇಡ, ಕೊನೆಯ ಬ್ರೇಕ್‌ವ್ಯಾನ್‌ಗೆ ಎರಡು ಆಕ್ಸಲ್ ಸಾಕು. ಮತ್ತೆ ಹಳಿ ಒರೆಸುತ್ತಿರಬೇಕು, ಕೆಂಪು ಧೂಳು ಚಕ್ರಕ್ಕೆ ಮೆತ್ತಿಕೊಂಡರೆ ಇಷ್ಟು ಸಣ್ಣ ಕರೆಂಟ್ ದಾಟುವುದಿಲ್ಲ.

ಆಕ್ಸಲ್ ಕೌಂಟರ್ ಥರ ಒಳಗೆ ಹೋದ ಚಕ್ರ, ಹೊರಗೆ ಬಂದ ಚಕ್ರ ಎಣಿಸುವುದನ್ನೂ ನೋಡಿದೆ. ತಲೆಗೆ ಮಜಾ ಕೊಡುತ್ತದೆ, ಆದರೆ ಮನೆಗೆ ಬಂದ ಮಕ್ಕಳು ಒಂದು ವ್ಯಾಗನ್ ಎತ್ತಿಕೊಂಡರೆ ಲೆಕ್ಕ ಗೋತಾ. ಮನೆಯಲ್ಲಿ ಮಕ್ಕಳಿಲ್ಲದವರು ಪ್ರಯತ್ನಿಸಿ.

ಗೇಟಿನ ಲಾಜಿಕ್ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಸಿಗುವ ರೆಡಿಮೇಡ್ ಬೋರ್ಡ್‌ಗಳೆಲ್ಲ ವಿದೇಶದ ಪದ್ಧತಿಯವು. ರೈಲು ಬಂತು, ಗಂಟೆ ಹೊಡೆಯಿತು, ಗೇಟು ಬಿತ್ತು, ರೈಲು ನಿಲ್ಲದೆ ಹೋಯಿತು. ನಮ್ಮಲ್ಲಿ ಗೇಟ್‌ಮನ್‌ಗೆ ಸ್ಟೇಷನ್‌ನಿಂದ ಫೋನ್ ಬರುತ್ತದೆ, ಅವರು ಗೇಟು ಮುಚ್ಚಿ ಲಾಕ್ ಮಾಡುತ್ತಾರೆ, ಇಂಟರ್‌ಲಾಕ್ ಇರುವ ಗೇಟಾದರೆ ಆಮೇಲೆ ಮಾತ್ರ ಸಿಗ್ನಲ್ ಹಸಿರು. ಗೇಟು ತೆರೆದಿದ್ದರೆ ರೈಲೇ ನಿಲ್ಲಬೇಕು. ಬಳ್ಳಾರಿಯ ಸುಧಾ ಕ್ರಾಸ್ ಗೇಟಿನಲ್ಲಿ ಬೈಕ್ ಆಫ್ ಮಾಡಿಕೊಂಡು ಕಾದವರಿಗೆ, ಗೇಟು ಯಾಕೆ ಅಷ್ಟು ಮುಂಚೆ ಮುಚ್ಚುತ್ತಾರೆ ಅನ್ನುವುದಕ್ಕೆ ಉತ್ತರ ಇದೇ. ಹಾಗಾಗಿ ನನ್ನ ಕೋಡ್‌ನಲ್ಲಿ ಸೆನ್ಸರ್ ಸೀದಾ ಸಿಗ್ನಲ್‌ಗೆ ಹೋಗುವುದಿಲ್ಲ. ಸೆನ್ಸರ್ ಗೇಟಿಗೆ, ಗೇಟು ಪೂರ್ತಿ ಕೆಳಗಿಳಿದು ಲಿಮಿಟ್ ಸ್ವಿಚ್ ಒತ್ತಿದ ಮೇಲೆ ಸಿಗ್ನಲ್‌ಗೆ. ಸಿಗ್ನಲ್ ಕಂಬಕ್ಕೆ ಹಳದಿ ಬಿಲ್ಲೆಯ ಮೇಲೆ ಕಪ್ಪು ಜಿ ಅಕ್ಷರ ಅಂಟಿಸಿದ್ದೇನೆ, ಗೇಟ್ ಸಿಗ್ನಲ್ ಅಂತ.

ಸೆನ್ಸರ್ ಎಷ್ಟು ದೂರ ಇಡಬೇಕು ಅಂತ ಕೇಳುವವರಿಗೆ ಲೆಕ್ಕ ಸುಲಭ. ಗಂಟೆಗೆ 60 ಕಿ.ಮೀ. ಅಂದರೆ ಎಚ್‌ಒದಲ್ಲಿ ಸೆಕೆಂಡಿಗೆ ಸುಮಾರು 19 ಸೆಂ.ಮೀ. ಗೇಟನ್ನು ಎತ್ತಿ ಇಳಿಸುವ ಚಿಕ್ಕ ಮೋಟರ್, ಅಂದರೆ ಸರ್ವೋವನ್ನು, ನೋಡಲು ಚೆಂದ ಇರಲಿ ಅಂತ ನಿಧಾನಕ್ಕೆ ನಾಲ್ಕು ಸೆಕೆಂಡಿನಲ್ಲಿ ಇಳಿಸಿದರೆ, ಅಷ್ಟರಲ್ಲಿ ರೈಲು 76 ಸೆಂ.ಮೀ. ಬಂದಿರುತ್ತದೆ. ಒಂದು ಮೀಟರ್ ಆಚೆ ಇಡಿ, ಸಿಗ್ನಲ್ ಮುಂದೆ ನಿಲ್ಲಲೂ ಜಾಗ ಬೇಕಾದರೆ ಒಂದೂವರೆ. ಬಾಕ್ಸ್‌ಎನ್ ವ್ಯಾಗನ್ ಈ ಸ್ಕೇಲಿನಲ್ಲಿ 12 ಸೆಂ.ಮೀ. ಚಿಲ್ಲರೆ, ಹಾಗಾಗಿ ಸಂದಿ ಬರುವುದು ಸೆಕೆಂಡಿಗಿಂತ ಬೇಗ. ಕಿರಣ ವಾಪಸ್ ಬಂದ ಮೇಲೂ ಎರಡು ಸೆಕೆಂಡ್ ಕಾದು ಗೇಟು ತೆರೆದರೆ ಓರೆ ಕಿರಣ ಸ್ವಲ್ಪ ತಪ್ಪಿದ್ದರೂ ನಡೆಯುತ್ತದೆ. ಸರ್ವೋಗೆ ನ್ಯಾನೋದ ಐದು ವೋಲ್ಟ್ ಕೊಡಬೇಡಿ, ಬೇರೆ ಅಡಾಪ್ಟರ್ ಹಾಕಿ. ಇಲ್ಲದಿದ್ದರೆ ಗೇಟು ಎದ್ದಾಗಲೆಲ್ಲ ನ್ಯಾನೋ ರೀಸೆಟ್ ಆಗಿ, ರೈಲು ಬಂದಿದ್ದೇ ಮರೆತುಹೋಗುತ್ತದೆ.

ಸ್ಟಾರ್ ಲೆಕ್ಕ ಕೇಳುವವರಿಗೆ: ಓರೆ ಕಿರಣಕ್ಕೆ ನಾಲ್ಕೂವರೆ, ಅರ್ಧ ಕಡಿಮೆ ಯಾಕೆಂದರೆ ಜೋಡಿ ನೇರ ಮಾಡುವುದು ಕಿರಿಕಿರಿ. ಕಾಯಿಲ್‌ಗೆ ಐದು, ಡಿಸಿಸಿ ಇದ್ದರೆ ಮಾತ್ರ. ಡಯೋಡ್ ಬೋರ್ಡ್‌ಗೆ ಮೂರೂವರೆ. ರೀಡ್‌ಗೆ ನಾಲ್ಕು. ಡಯೋಡ್, ಆಪ್ಟೋ, ರೀಡ್ ಇವು ಬಳ್ಳಾರಿಯಲ್ಲೇ ಸಿಗುತ್ತವೆ. ಪ್ಲಾಸ್ಟಿಕ್ ಜಾಯಿನರ್, ಕಂಡಕ್ಟಿವ್ ಪೇಂಟ್ ಹೊರಗಿನಿಂದಲೇ ತರಿಸಬೇಕು. ಟಿಎಸ್‌ಎಸ್‌ಪಿ 4038 ಬಿಡಿಬಿಡಿಯಾಗಿ ಕೊಡುವ ಅಂಗಡಿ ಹೊಸಪೇಟೆ, ಕೊಪ್ಪಳ, ರಾಯಚೂರು ಕಡೆ ಎಲ್ಲಾದರೂ ಕಂಡಿದ್ದರೆ ದಯವಿಟ್ಟು ಹೇಳಿ, ಲೂಪ್ ಲೈನಿಗೆ ಇನ್ನೂ ಎರಡು ಜೋಡಿ ಹಾಕುವುದಿದೆ.